ಬಫಲೊದಲ್ಲಿ ಹೇಗಿರ್ತೀರಾ ಅಂತ ಕೇಳುವವರಿಗೆ

"ಅಯ್ಯೋ, ಅಷ್ಟೊಂದು ಹಿಮದಲ್ಲಿ ಹೇಗಿರ್ತೀರಾ?"

ನ್ಯೂಯಾರ್ಕ್ ರಾಜ್ಯದ ಬಫಲೊದಲ್ಲಿದ್ದೇನೆ ಅಂದ ತಕ್ಷಣ ಬರುವ ಪ್ರಶ್ನೆ. ಊರಿಗೆ ಬಂದಾಗ ಮದುವೆಮನೆಯ ಪಂಕ್ತಿಯಲ್ಲೂ ಬಿಡುವುದಿಲ್ಲ. ಹೀಟರ್ ಹಾಕಿಕೊಂಡು ಇರ್ತೀವಿ ಸ್ವಾಮಿ. ಇನ್ನು ಹೇಗೆ ಇರಬೇಕು? ಆಮೇಲೆ "ಒಂದು ವಿಡಿಯೋ ಕಳಿಸಿ" ಅಂತಾರೆ. ಹಿಮ ತಳ್ಳುವ ಪ್ಲೋ ಗಾಡಿ ರಸ್ತೆಯ ಹಿಮವನ್ನೆಲ್ಲ ತಂದು ನಮ್ಮ ಡ್ರೈವ್‌ವೇ ಬಾಯಿಗೆ ಗುಡ್ಡೆ ಹಾಕಿ ಹೋಗಿರುತ್ತೆ. ಅದನ್ನು ಶವೆಲ್‌ನಲ್ಲಿ ಎತ್ತಬೇಕಾ, ಇವರಿಗೆ ಸಿನಿಮಾ ತೆಗೆಯಬೇಕಾ?

2014ರ ನವೆಂಬರ್‌ನಲ್ಲಿ ಮೈಸೂರಿನಿಂದ ಚಿಕ್ಕಮ್ಮ ಫೋನ್ ಮಾಡಿದರು. "ಏಳಡಿ ಹಿಮ ಅಂತೆ! ಬಾಗಿಲು ತೆಗೆಯೋಕಾಗುತ್ತಾ?"

"ನಮ್ಮನೆ ಮುಂದೆ ಏನೂ ಜಾಸ್ತಿ ಇಲ್ಲ ಚಿಕ್ಕಮ್ಮ. ಶೂ ಮುಳುಗೋ ಅಷ್ಟು."

"ನನ್ನ ಹತ್ರ ಮುಚ್ಚಿಡಬೇಡ ಕಣೋ. ಟಿವಿಲಿ ತೋರಿಸ್ತಿದ್ದಾರೆ."

ಇಬ್ಬರದ್ದೂ ನಿಜವೇ. ಬಸವನಗುಡಿಯಲ್ಲಿ ಮಳೆ, ಮಲ್ಲೇಶ್ವರದಲ್ಲಿ ಬಿಸಿಲು ಇರಲ್ವಾ, ಹಾಗೆ. ಈರಿ ಸರೋವರ ಸುಮಾರು 388 ಕಿಲೋಮೀಟರ್ ಉದ್ದ. ಬಫಲೊ ಇರುವುದು ಅದರ ಪೂರ್ವದ ತುದಿಯಲ್ಲಿ. ಚಳಿಗಾಲ ಶುರುವಾದಾಗ ನೀರು ಇನ್ನೂ ಬೆಚ್ಚಗಿರುತ್ತೆ. ಕೊರೆಯುವ ಗಾಳಿ ಅದರ ಉದ್ದಕ್ಕೂ ಬೀಸಿ, ಆವಿ ಎತ್ತಿಕೊಂಡು ಬಂದು, ಈ ತುದಿಯಲ್ಲಿ ಹಿಮವಾಗಿ ಸುರಿಯುತ್ತೆ. ಸುರಿಯುವುದೂ ಕಿರಿದಾದ ಪಟ್ಟಿಯಲ್ಲಿ. ಆ ಸಲ ಪಟ್ಟಿ ನಗರದ ದಕ್ಷಿಣದ ಊರುಗಳ ಮೇಲೆ ಅಲ್ಲಾಡದೆ ನಿಂತಿತ್ತು. ನಾವಿರುವುದು ಉತ್ತರಕ್ಕೆ. ಚಿಕ್ಕಮ್ಮ ಇವತ್ತಿಗೂ ನಂಬಿಲ್ಲ.

ಇನ್ನು "ಎಷ್ಟು ಅಡಿ ಬಿತ್ತು?" ಅನ್ನುವ ಲೆಕ್ಕ. 1977ರ ಜನವರಿಯ ಹಿಮಗಾಳಿಯನ್ನು ಇಲ್ಲಿನ ಹಳಬರು ಇನ್ನೂ ಮರೆತಿಲ್ಲ. ಆಗ ಹೊಸದಾಗಿ ಬಿದ್ದದ್ದು ಸುಮಾರು ಒಂದೇ ಅಡಿ! ಸರೋವರ ಡಿಸೆಂಬರ್‌ನಲ್ಲೇ ಹೆಪ್ಪುಗಟ್ಟಿತ್ತು. ಅದರ ಮೇಲೆ ಕೂತಿದ್ದ ಪುಡಿ ಹಿಮವನ್ನೆಲ್ಲ ಗಾಳಿ ಹೊತ್ತು ತಂದು ಊರಿಗೆ ಸುರಿಯಿತು. ಅಡಿ ಬಿಡಿ, ಗಾಳಿ ಕೇಳಿ.

ಅದಕ್ಕಿಂತ, ಯಾರಿಗೆ ಮನೆಯಲ್ಲಿ ಇರಲಾಗಲಿಲ್ಲ ಅಂತ ಒಬ್ಬರಾದರೂ ಕೇಳಿದ್ದರೆ. 2022ರ ಕ್ರಿಸ್‌ಮಸ್ ಹೊತ್ತಿಗೆ ಬಂದ ಹಿಮಗಾಳಿ 37 ಗಂಟೆ ಬಿಡಲಿಲ್ಲ. ಆಂಬ್ಯುಲೆನ್ಸ್‌ಗಳೇ ರಸ್ತೆಯಲ್ಲಿ ಸಿಕ್ಕಿಕೊಂಡವು. ನಮ್ಮ ಈರಿ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ನಲವತ್ತಕ್ಕೂ ಹೆಚ್ಚು ಜನ ಸತ್ತರು. ಕೆಲವರು ಕಾರಿನೊಳಗೆ, ಕೆಲವರು ಕರೆಂಟು ಹೋಗಿ ತಣ್ಣಗಾದ ಮನೆಯಲ್ಲಿ. ಬಫಲೊ ನಗರದಲ್ಲಿ ಕಪ್ಪು ಜನ ಸುಮಾರು ಮೂರನೇ ಒಂದು ಪಾಲು. ನಗರದಲ್ಲಿ ಸತ್ತವರಲ್ಲಿ ಅವರು ಅರ್ಧಕ್ಕಿಂತ ಹೆಚ್ಚು. ಗಾಡಿ ಓಡಿಸಬೇಡಿ ಅನ್ನುವ ಆದೇಶ ಜಾರಿಗೆ ಬಂದದ್ದು 23ರ ಬೆಳಗ್ಗೆ 9:30ಕ್ಕೆ. ಬೆಳಗಿನ ಪಾಳಿಯವರು ಅಷ್ಟೊತ್ತಿಗೆ ಕೆಲಸಕ್ಕೆ ಹೋಗಿಯಾಗಿತ್ತು.

ನನ್ನ ಕೆಲಸ ಲ್ಯಾಪ್‌ಟಾಪ್‌ನಲ್ಲಿ. ಮನೆಯಲ್ಲಿ ಅಕ್ಕಿ ಇತ್ತು, ಬೇಳೆ ಇತ್ತು, ಕರೆಂಟೂ ಹೋಗಲಿಲ್ಲ. ಸಾರು ಮಾಡಿಕೊಂಡು ತಿಂದೆವು. ಹೇಗಿರ್ತೀರಾ ಅಂತ ನನ್ನನ್ನು ಯಾಕೆ ಕೇಳ್ತೀರಿ?