ಫ್ಲಾಪ್ ಆದದ್ದೆಲ್ಲ ಕೆಟ್ಟದ್ದಾ?

ತಮ್ಮನ ಜೊತೆ ಸಿನಿಮಾ ಜಗಳ ಶುರುವಾದರೆ ಮುಗಿಯುವುದೇ ಇಲ್ಲ. ಅವನ ಪ್ರಕಾರ ದುಡ್ಡು ಮುಳುಗಿಸಿದ್ದೇ ಕೆಟ್ಟ ಸಿನಿಮಾ. ಹಾಗಾದರೆ 1994ರ ‘ದಿ ಶಾಶಾಂಕ್ ರಿಡೆಂಪ್ಷನ್’? ಮೊದಲು ಥಿಯೇಟರಿಗೆ ಬಂದಾಗ ಹಾಕಿದ ಬಂಡವಾಳವೂ ಹುಟ್ಟಲಿಲ್ಲ. ಆಮೇಲೆ ವಿಡಿಯೋ, ಟಿವಿಯಲ್ಲಿ ನೋಡಿದ ಜನ ತಲೆ ಮೇಲೆ ಹೊತ್ತು ಮೆರೆಸಿದರು.

‘ಕ್ಲಿಯೋಪಾತ್ರ’ ಕಥೆ ಇನ್ನೂ ತಮಾಷೆ. 1963ರಲ್ಲಿ ಅಮೆರಿಕದಲ್ಲಿ ಅದರಷ್ಟು ಗಳಿಸಿದ ಸಿನಿಮಾ ಇನ್ನೊಂದಿಲ್ಲ. ಆದರೂ ಸ್ಟುಡಿಯೋ ದಿವಾಳಿ ಏಳುವ ಹಂತಕ್ಕೆ ಬಂದಿತ್ತು. ಇಂಗ್ಲೆಂಡಿನಲ್ಲಿ ಹಾಕಿದ ಸೆಟ್ ಬಿಟ್ಟು ರೋಮ್‌ನಲ್ಲಿ ಮತ್ತೆ ಕಟ್ಟಿದರೆ ಇನ್ನೇನಾಗುತ್ತೆ!

ನನ್ನ ಲೆಕ್ಕದಲ್ಲಿ ಕಳಪೆ ಅಂದರೆ 2003ರ ‘ದಿ ರೂಮ್’. ಟಾಮಿ ವೈಸೋ ತಾನೇ ಬರೆದು, ನಿರ್ದೇಶಿಸಿ, ದುಡ್ಡೂ ಹಾಕಿ, ಹೀರೋನೂ ಆದ. ಮನೆಯೊಳಗೆ ಒಂದು ಫೋಟೋ ಫ್ರೇಮ್ ಇದೆ. ಅದರಲ್ಲಿ ಚಮಚದ ಚಿತ್ರ! ಅದು ಪರದೆ ಮೇಲೆ ಕಂಡರೆ ಸಾಕು, ಪ್ರೇಕ್ಷಕರು ಪ್ಲಾಸ್ಟಿಕ್ ಚಮಚ ಎಸೆಯುತ್ತಾರೆ. ನಾಯಕಿಯ ಅಮ್ಮ ತನಗೆ ಕ್ಯಾನ್ಸರ್ ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಆ ಮಾತೇ ಎತ್ತುವುದಿಲ್ಲ.

“ಇಷ್ಟು ನಗಿಸಿದ್ದು ಕಳಪೆ ಹೇಗೋ ಅಣ್ಣಾ?” ಅಂತ ತಮ್ಮನ ವಾದ. ಅಲ್ಲಪ್ಪಾ, ಅವರು ಹೊರಟಿದ್ದು ಅಳಿಸೋಕೆ ಅಲ್ವಾ?