ಅಳಿಯನ ಫೋನಿಗೆ ಹೊಂಟ ಪಟ್ಟಿ

ವಿಜಯಪುರದ ಅಡತಿ ಅಂಗಡಿಯಲ್ಲಿ ಒಣದ್ರಾಕ್ಷಿ ವ್ಯಾಪಾರದ ದಿನ ಪ್ರಿಂಟರ್ ನಿಂತಿತೆಂದರೆ ರೈತರು ಕಟ್ಟೆ ಬಿಟ್ಟು ಏಳುವುದಿಲ್ಲ. ತೂಕ, ದರ, ಹಮಾಲಿ ಬರೆದ ಪಟ್ಟಿ ಕೈಗೆ ಬಂದ ಮೇಲೆಯೇ ಅವರು ತಿಕೋಟಾ ಬಸ್ಸಿನ ಕಡೆ ಹೊರಡುವುದು. "ಕರೆಂಟ್ ಬಂದು ತಾಸಾತ್ರಿ, ಪಟ್ಟಿ ಬರವಲ್ದು" ಎಂದು ಅಂಗಡಿಯ ಲೆಕ್ಕ ಬರೆಯುವ ದಿವಾನ್‌ಜಿ, ನೆಟ್‌ವರ್ಕ್ ರಿಪೇರಿ ಮಾಡುವ ನನಗೆ ಫೋನ್ ಮಾಡಿದರು.

ಅಲ್ಲಿರುವುದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಕಾರ್ಬನ್ ಪ್ರತಿ ತೆಗೆಯಬೇಕೆಂದರೆ ಸೂಜಿ ಹೊಡೆಯಲೇಬೇಕು, ಲೇಸರ್ ಕೈಲಿ ಆಗುವ ಮಾತಲ್ಲ. ಅದರ ಹಿಂದೆ ಸಿಕ್ಕಿಸಿದ ಸಣ್ಣ ಪ್ರಿಂಟ್ ಸರ್ವರ್ ಡಬ್ಬಿಯ ಮೂಲಕವೇ ಕಂಪ್ಯೂಟರ್‌ಗಳೆಲ್ಲ ಪಟ್ಟಿ ಕಳಿಸುತ್ತವೆ. ಅವು ನೆನಪಿಟ್ಟ ವಿಳಾಸ 192.168.1.100.

ಆ ವಿಳಾಸಕ್ಕೆ ಪಿಂಗ್ ಮಾಡಿದೆ, ಅಂದರೆ 'ಇದ್ದೀಯಾ?' ಎಂದು ಕೂಗಿ ಕೇಳಿದೆ. ಉತ್ತರ ಬಂತು! ಪಿಂಗ್ ಬಂದರೆ ಡಬ್ಬಿ ಸರಿ ಇದೆ ಅಂತ ಪ್ರಿಂಟರ್ ಬಿಚ್ಚುವವರೇ ಜಾಸ್ತಿ. ನಾನು ಯಾವ ವಿಳಾಸದಲ್ಲಿ ಯಾವ ಯಂತ್ರ ಇದೆಯೆಂದು ತೋರಿಸುವ ಎಆರ್‌ಪಿ ಕೋಷ್ಟಕ ತೆಗೆದು, ಆ ವಿಳಾಸದ ಎದುರಿದ್ದ ಮ್ಯಾಕ್ ಸಂಖ್ಯೆಯನ್ನು, ಅಂದರೆ ಯಂತ್ರದ ಗುರುತಿನ ಸಂಖ್ಯೆಯನ್ನು, ಡಬ್ಬಿಯ ತಳದ ಚೀಟಿಯ ಜೊತೆ ತಾಳೆ ನೋಡಿದೆ. ಹನ್ನೆರಡು ಅಕ್ಷರಗಳಲ್ಲಿ ಮೊದಲ ಜೋಡಿಯೇ ಬೇರೆ. ಉತ್ತರಿಸುತ್ತಿದ್ದವರು ಯಾರೋ ಬೇರೆಯವರು!

ರೂಟರ್ ಒಳಗೆ ನೋಡಿದರೆ, ಕೊನೆಗೆ 100 ಇರುವ ಆ ವಿಳಾಸ ಈಗ ಸಾಹುಕಾರರ ಅಳಿಯನ ಫೋನಿನದು. ಹಬ್ಬಕ್ಕೆ ಬಂದವರು ಕರೆಂಟ್ ಬಂದ ಕೂಡಲೇ ವೈಫೈ ಸೇರಿದ್ದರು. ಇಂಥ ಅಗ್ಗದ ರೂಟರ್‌ಗೆ ಕರೆಂಟ್ ಹೋದರೆ ಯಾರಿಗೆ ಯಾವ ವಿಳಾಸ ಕೊಟ್ಟೆನೆಂಬುದು ಮರೆತುಹೋಗುತ್ತದೆ. ಮೊದಲು ಕೇಳಿದವರಿಗೆ ಮೊದಲ ವಿಳಾಸ. ನಿಧಾನಕ್ಕೆ ಎದ್ದ ಡಬ್ಬಿಗೆ 103 ಸಿಕ್ಕಿತ್ತು. ಪ್ರಿಂಟಿಂಗ್‌ಗೆ ಬಳಸುವ 9100 ಪೋರ್ಟ್ (ಪಟ್ಟಿ ಒಳಹೋಗುವ ಬಾಗಿಲು) ಫೋನಿನಲ್ಲಿ ತೆರೆದಿರುವುದಿಲ್ಲವಾದ್ದರಿಂದ ಕಂಪ್ಯೂಟರ್ ಸುಮ್ಮನೆ 'ಆಫ್‌ಲೈನ್' ಎನ್ನುತ್ತಿತ್ತು.

"ಅಂದ್ರ ಪಟ್ಟಿ ಎಲ್ಲಾ ಅಳ್ಯಾರ ಫೋನಿಗೆ ಹೊಂಟಿದ್ವೇನ್ರಿ?" ದಿವಾನ್‌ಜಿ ನಕ್ಕರು. ಸಾಹುಕಾರರು ನಗಲಿಲ್ಲ.

ಮ್ಯಾಕ್ ಸಂಖ್ಯೆ ಹೇಳಿ ರೂಟರ್‌ನಲ್ಲೇ ಜಾಗ ಕಾಯ್ದಿರಿಸಬಹುದಿತ್ತು. ದೊಡ್ಡ ಕಚೇರಿಯಾದರೆ ನಾನೂ ಅದನ್ನೇ ಮಾಡುತ್ತೇನೆ, ಲೆಕ್ಕ ಒಂದೇ ಕಡೆ ಇರುತ್ತದೆ. ಆದರೆ ಇಲ್ಲಿ ರೂಟರ್ ಕೆಟ್ಟರೆ ಆ ಕಾಯ್ದಿರಿಸುವಿಕೆಯೂ ಅದರ ಜೊತೆ ಹೋಗುತ್ತದೆ. ಹಾಗಾಗಿ ಬ್ರೌಸರ್‌ನಲ್ಲಿ 103 ತೆರೆದು, ರೂಟರ್‌ನಿಂದ ತಾನಾಗಿ ವಿಳಾಸ ಪಡೆಯುವ ಡಿಎಚ್‌ಸಿಪಿ ವ್ಯವಸ್ಥೆಯನ್ನು ಬಂದ್ ಮಾಡಿ, ಡಬ್ಬಿಗೇ 192.168.1.20 ಬರೆದೆ. ರೂಟರ್ ಹಂಚುವುದು 100ರಿಂದ ಮೇಲಕ್ಕೆ. 20ರ ತಂಟೆಗೆ ಅದು ಬರುವುದಿಲ್ಲ. ಪ್ರತಿ ಕಂಪ್ಯೂಟರ್‌ನಲ್ಲೂ ಡಬ್ಬಿಯ ವಿಳಾಸ ಬದಲಿಸುವಷ್ಟರಲ್ಲಿ ಚಹಾ ಆರಿತ್ತು.

"ಮತ್ತ ಕರೆಂಟ್ ಹೋದ್ರ?" ಸಾಹುಕಾರರು ಕೇಳಿದರು. ಮೇನ್ ಸ್ವಿಚ್ ಇಳಿಸಿ ಏರಿಸಿದೆ. ಪಟ್ಟಿ ಕರಕರ ಬಂತು.

"ಕರೆಂಟಿಂದು ಬಿಡ್ರಿ," ಅಂದೆ. "ಇಂಟರ್‌ನೆಟ್ ಹುಡುಗ ಹೊಸಾ ರೂಟರ್ ತಂದ್ರ ಮೊದಲ ನನಗ ಫೋನ್ ಹಚ್ಚ್ರಿ. ಅದು 192.168.1 ಬಿಟ್ಟು 192.168.0 ಸಾಲಿನ ವಿಳಾಸ ಹಂಚೂದಿದ್ರ ಈ ಡಬ್ಬಿ ಯಾರಿಗೂ ಕಾಣಂಗಿಲ್ಲ."