ರೋಸಿಯ ತೂಕ

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ವೃದ್ಧಾಶ್ರಮಕ್ಕೆ ಹೋಗುವಾಗ ತಮ್ಮ ಗಲಾ ಹಕ್ಕಿಯನ್ನು ನಮಗೆ ಕೊಟ್ಟರು. ಹೆಸರು ರೋಸಿ. ಕಾಕಟೂ, ಅಂದರೆ ಜುಟ್ಟಿನ ಗಿಳಿಯ ಜಾತಿಯದು. ಗುಲಾಬಿ ಎದೆ, ಬೂದು ರೆಕ್ಕೆ. ಕಣ್ಣು ಕೆಂಪಗಿದೆ, ಅಂದರೆ ಹೆಣ್ಣು. ಬೆಳೆದ ಗಂಡಿನ ಕಣ್ಣು ಕಡು ಕಂದು.

ಜೊತೆಗೆ ಒಂದು ಬಕೆಟ್ ಸೂರ್ಯಕಾಂತಿ ಬೀಜವೂ ಬಂತು. ನಾನೂ ಸುಮ್ನೆ ಅದನ್ನೇ ಹಾಕುತ್ತಾ ಹೋದೆ. ಗಲಾಗಳಿಗೆ ಬೇಗ ಕೊಬ್ಬು ಕಟ್ಟುತ್ತದೆ, ಚರ್ಮದಡಿ ಕೊಬ್ಬಿನ ಗಂಟು ಏಳುತ್ತದೆ. ಡಾಕ್ಟರ್ ತೂಗಿದಾಗ 430 ಗ್ರಾಂ! ಸುಮಾರು 350 ಇದ್ದರೆ ಸಾಕಿತ್ತು. ಆ ದಿನ ನನಗೆ ಊಟ ಸೇರಲಿಲ್ಲ.

ಆಹಾರ ಒಮ್ಮೆಲೇ ಬದಲಿಸಬಾರದು. ಹೊಸದನ್ನು ತಿಂಡಿ ಅಂತಲೇ ಗುರುತಿಸದೆ ಹಕ್ಕಿ ಉಪವಾಸ ಬೀಳಬಹುದು. ವಾರಗಟ್ಟಲೆ ಬೀಜ ಕಡಿಮೆ ಮಾಡುತ್ತಾ ಪೆಲೆಟ್ (ಹಕ್ಕಿಗಳಿಗೆಂದೇ ಮಾಡಿದ ಉಂಡೆ ಆಹಾರ) ಜಾಸ್ತಿ ಮಾಡಿದೆ. ದಿನಾ ಬೆಳಿಗ್ಗೆ ಅಡುಗೆಮನೆಯ ತಕ್ಕಡಿ ಮೇಲೆ ಕೂರಿಸಿ ತೂಕ ಬರೆದಿಟ್ಟೆ. ಈಗ ನಾನು ಪಲ್ಯಕ್ಕೆ ಬೀನ್ಸ್ ಹೆಚ್ಚುವ ಸದ್ದಿಗೇ ರೋಸಿಯ ಜುಟ್ಟು ಏಳುತ್ತದೆ. ಬೆಣ್ಣೆಹಣ್ಣು ಮಾತ್ರ ಅವಳಿಗೆ ವಿಷ, ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ. ನಾನ್‌ಸ್ಟಿಕ್ ದೋಸೆ ಹಂಚನ್ನೂ ಬಿಟ್ಟೆ. ಅದು ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಯನ್ನು ಕೊಲ್ಲುತ್ತದೆ.

ಕಡಿಯಲು ದಿನಾ ಹಸಿ ನೀಲಗಿರಿ ಕೊಂಬೆ ಕೊಡುತ್ತೇನೆ. ಕಾಡಿನ ಗಲಾಗಳು ಮರದ ಪೊಟರೆಯ ಗೂಡಿಗೆ ಅದೇ ಎಲೆ ಹಾಸುತ್ತವೆ. ಸಂಜೆ ಅವುಗಳ ಗುಂಪು ಹಾರಿಹೋಗುವಾಗ ರೋಸಿ ಕೂಗುತ್ತಾಳೆ. ಆಗ ನಾನು ಪಕ್ಕದಲ್ಲೇ ಕೂರುತ್ತೇನೆ.